ಪಿಕಪ್‌ನ ಎಡಗಡೆ ಹಿಂದಿನ ಟೈರೇ ಯಾಕೆ ಪದೇ ಪದೇ ಹೋಗುತ್ತದೆ? ಕೋಲಾರ–ಚೆನ್ನೈ ಟೊಮೇಟೊ ಲೋಡ್

ಮುಳಬಾಗಿಲು ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು 1.7 ಟನ್ ಪಿಕಪ್, ಡೀಸೆಲ್. ಸೀಸನ್‌ನಲ್ಲಿ ಕೋಲಾರ ಎಪಿಎಂಸಿಯಿಂದಲೋ ವಡ್ಡಹಳ್ಳಿಯಿಂದಲೋ ಟೊಮೇಟೊ ತುಂಬಿಕೊಂಡು ಚೆನ್ನೈನ ಕೋಯಂಬೇಡು ಮಾರ್ಕೆಟ್‌ಗೆ ಹೊಡೆಯುತ್ತೇನೆ. ನಂಗಲಿ, ಪಲಮನೇರು, ಮೊಗಿಲಿ ಘಾಟ್, ಚಿತ್ತೂರು, ಅದೇ ದಾರಿ. ವಾಪಸ್ ಬರುವಾಗ ಖಾಲಿ ಬಾಕ್ಸ್, ಇಲ್ಲ ಸಣ್ಣಪುಟ್ಟ ಲೋಡ್ ಸಿಕ್ಕರೆ ಅದು.

ವಿಷಯ ಏನೆಂದರೆ ಎಡಗಡೆ ಹಿಂದಿನ ಟೈರ್ ನಿಲ್ಲುತ್ತಲೇ ಇಲ್ಲ. ಉಳಿದ ಮೂರೂ ಚೆನ್ನಾಗಿವೆ. ಹೋದ ವರ್ಷ ಚಿತ್ತೂರು ದಾಟಿದ ಮೇಲೆ ಬೆಳಗಿನ ಜಾವ ಬರ್ಸ್ಟ್ ಆಯಿತು. ಅದರ ಜಾಗಕ್ಕೆ ಹಾಕಿದ್ದು ಈ ವರ್ಷ ಮತ್ತೆ ಹೋಯಿತು, ಅದೂ ಹೆಚ್ಚುಕಮ್ಮಿ ಅದೇ ಕಡೆ. ಟೈರ್ ಅಂಗಡಿಯವರು ಕಂಪನಿ ಬದಲಾಯಿಸಿ ಅಂತಾರೆ. ಮೆಕ್ಯಾನಿಕ್ ಅಲೈನ್‌ಮೆಂಟ್ ಮಾಡಿಸಿ ಅಂತಾನೆ. ಪಕ್ಕದ ಗಾಡಿಯವನು ರೋಡಿನ ಎಡಗಡೆ ಯಾವಾಗಲೂ ಹಂಗೇ, ತಲೆ ಕೆಡಿಸಿಕೊಳ್ಳಬೇಡ ಅಂತಾನೆ. ಒಂದೊಂದು ಸಲಕ್ಕೂ ಟೈರ್ ದುಡ್ಡು, ಜೊತೆಗೆ ಲೇಟಾಗಿ ಹೋದರೆ ಮಾಲಿಗೆ ರೇಟ್ ಸಿಗಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಟಮಕ ಕ್ರಾಸ್:

ಎಷ್ಟು ಬಾಕ್ಸ್ ಹಾಕುತ್ತೀರಿ, ಗಾಳಿ ಎಷ್ಟು, ಟ್ಯೂಬಾ ಟ್ಯೂಬ್‌ಲೆಸ್ಸಾ? ಇದು ಮೂರೂ ಹೇಳದೆ ಯಾರು ಏನು ಹೇಳಿದರೂ ಕಣಿ ಹೇಳಿದಂಗೆ.

ಮುಳಬಾಗಿಲು ಪಿಕಪ್:

ಬಾಕ್ಸ್ 120ರಿಂದ 130. ಮಂಡಿಯಲ್ಲಿ ಕಮ್ಮಿ ಹಾಕಿಕೊಂಡರೆ ಬಾಡಿಗೆ ಬೇರೆಯವರಿಗೆ ಹೋಗುತ್ತದೆ, ನಿಮಗೆ ಗೊತ್ತಲ್ಲ. ಗಾಳಿ ನಾಲ್ಕಕ್ಕೂ ಒಂದೇ, ಹೊರಡುವಾಗ ಬಂಕ್‌ನಲ್ಲಿ ಹುಡುಗ ಹಿಡಿದಷ್ಟು. ಟ್ಯೂಬ್‌ಲೆಸ್ ಟೈರ್. ಆದರೆ ಈ ಎಡಗಡೆಯದಕ್ಕೆ ಪಂಕ್ಚರ್ ಜಾಸ್ತಿ ಆಗಿದ್ದರಿಂದ ಒಳಗೆ ಟ್ಯೂಬ್ ಹಾಕಿಕೊಟ್ಟಿದ್ದರು.

ಚಿಂತಾಮಣಿ ಹಳೇ ಗಾಡಿ:

ತಮ್ಮಾ, ಕಂಪನಿ ಬದಲಾಯಿಸೋಕೆ ಹೋಗಬೇಡ. ಯಾವ ಕಂಪನಿ ಹಾಕಿದರೂ ಆ ಮೂಲೆಯಲ್ಲಿ ಹೋಗುತ್ತದೆ ಅಂದರೆ ಕಾಯಿಲೆ ಟೈರಿಗಲ್ಲ, ಆ ಮೂಲೆಗೆ. ಅದು ಯಾಕೆ ಬಿಸಿಯಾಗುತ್ತಿದೆ ಅಂತ ಹುಡುಕು. ಟೈರ್ ಒಡೆಯೋದು ಹೆಚ್ಚಾಗಿ ಬಿಸಿಯಿಂದಲೇ, ಮೊಳೆ ಚುಚ್ಚಿದರೆ ಗಾಳಿ ಇಳಿಯುತ್ತದೆ ಅಷ್ಟೆ.

ಮೊದಲು ಲೆಕ್ಕ ನೋಡು. ಬಾಕ್ಸಿಗೆ 15 ಕೆಜಿ ಹಣ್ಣು. 130 ಬಾಕ್ಸ್ ಅಂದರೆ 1,950 ಕೆಜಿ ಬರೀ ಹಣ್ಣು. ಪ್ಲಾಸ್ಟಿಕ್ ಬಾಕ್ಸಿನದೇ ತೂಕ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಒಂದಕ್ಕೆ ಒಂದೂವರೆ ಕೆಜಿ ಅಂತ ಹಿಡಿದರೂ ಇನ್ನೂ 195 ಕೆಜಿ. ಟಾರ್ಪಾಲು, ಹಗ್ಗ, ಕ್ಲೀನರ್ ಬೇರೆ. 1,700ರ ಗಾಡಿಗೆ 2,100 ದಾಟಿತು. ಮಳೆ ಬಂದು ಬಾಕ್ಸ್ ನೆನೆದಿದ್ದರೆ ಕೇಳಲೇಬೇಡ. ಇಷ್ಟರಲ್ಲಿ ಬಹುಪಾಲು ಹಿಂದಿನ ಎರಡು ಟೈರಿನ ಮೇಲೆ ಕೂರುತ್ತದೆ, ಮುಂದಕ್ಕೆ ಹೋಗೋದು ಸ್ವಲ್ಪ. ಟೈರಿನ ಪಕ್ಕದಲ್ಲಿ ಅಳತೆ ಆದಮೇಲೆ ಒಂದು ನಂಬರ್ ಬರೆದಿರುತ್ತದೆ, 100 ಅಂತಿದ್ದರೆ ಆ ಒಂದು ಟೈರ್ 800 ಕೆಜಿ ಹೊರುತ್ತದೆ, 104 ಅಂತಿದ್ದರೆ 900. ಅದೂ ಗಾಳಿ ಪೂರ್ತಿ ಇದ್ದರೆ ಮಾತ್ರ. ಒಂದು ಸಲ ಲೋಡ್ ಸಮೇತ ವೇ ಬ್ರಿಡ್ಜ್‌ಗೆ ಹೋಗಿ, ಪೂರ್ತಿ ಗಾಡಿ ಒಂದು ಸಲ, ಹಿಂದಿನ ಚಕ್ರ ಮಾತ್ರ ಹತ್ತಿಸಿ ಇನ್ನೊಂದು ಸಲ ತೂಕ ಮಾಡಿಸು. ಆ ಚೀಟಿ ನೋಡಿದ ಮೇಲೆ ಯಾರ ಮಾತೂ ಬೇಕಾಗಲ್ಲ.

ಇನ್ನು ಗಾಳಿ. ನಾಲ್ಕಕ್ಕೂ ಒಂದೇ ಅನ್ನೋದು ಕಾರಿನ ಲೆಕ್ಕ. ಲೋಡ್ ಗಾಡಿಗೆ ಹಿಂದೆ ಮುಂದೆ ಬೇರೆ ಬೇರೆ, ಖಾಲಿಗೆ ಲೋಡಿಗೆ ಬೇರೆ. ಎಷ್ಟು ಅಂತ ನಾನು ಹೇಳಲ್ಲ, ಒಂದೊಂದು ಮಾಡೆಲ್‌ಗೆ ಒಂದೊಂದು. ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರ್ ಇರುತ್ತದೆ, ಇಲ್ಲದಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಒಂದೊಂದು ಸುತ್ತಿಗೂ ಮಡಚಿ ಬಿಚ್ಚುತ್ತದೆ. ಕಬ್ಬಿಣದ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗ ಬಿಸಿಯಾಗಿ ಕೊನೆಗೆ ಮುರಿಯುತ್ತದಲ್ಲ, ಅದೇ. ತಣ್ಣಗಿರುವಾಗಲೇ ಹಿಡಿಸಬೇಕು. ಓಡಿದ ಮೇಲೆ ಗಾಳಿ ಜಾಸ್ತಿ ತೋರಿಸುತ್ತದೆ, 60 ಪಾಯಿಂಟ್ (ಪಿಎಸ್‌ಐ) ಆಸುಪಾಸಿನ ಟೈರಿನಲ್ಲಿ 10 ಡಿಗ್ರಿ ಬಿಸಿ ಏರಿದರೆ ಎರಡು, ಎರಡೂವರೆ ಪಾಯಿಂಟ್ ಏರುತ್ತದೆ. ಅದನ್ನು ನೋಡಿ ಗಾಬರಿಯಾಗಿ ದಾರಿಯಲ್ಲಿ ಗಾಳಿ ಬಿಡೋರು ಇದ್ದಾರೆ. ಬಿಡಬೇಡ. ತಣ್ಣಗಾದಮೇಲೆ ಕಮ್ಮಿ ಆಗಿರುತ್ತದೆ, ಇನ್ನೂ ಜಾಸ್ತಿ ಮಡಚುತ್ತದೆ. ಸುಮ್ನೆ ಒಂದು ಗೇಜ್ ತಗೊಂಡು ಡ್ಯಾಶ್‌ಬೋರ್ಡಲ್ಲಿ ಇಟ್ಟುಕೋ.

ಇದೆಲ್ಲ ಎರಡೂ ಹಿಂದಿನ ಟೈರಿಗೆ ಆಯಿತು. ಎಡಗಡೆಯದೇ ಯಾಕೆ? ನನಗೆ ಅನುಮಾನ ಇರೋದು ಬ್ರೇಕ್ ಮೇಲೆ. ಎರಡು ಸಲಾನೂ ಚಿತ್ತೂರು ದಾಟಿದ ಮೇಲೆ ಅಂತೀಯ. ಪಲಮನೇರು ಬಿಟ್ಟಮೇಲೆ ಮೊಗಿಲಿ ಘಾಟ್ ನಿನಗೆ ಪೂರ್ತಿ ಇಳಿಜಾರು, ಅದೂ ಲೋಡ್ ಇಟ್ಟುಕೊಂಡು. ಅಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಚಕ್ರದೊಳಗಿನ ಬ್ರೇಕ್ ಡ್ರಮ್ ಕಾಯುತ್ತದೆ, ಡ್ರಮ್ಮಿಂದ ರಿಮ್ಮಿಗೆ, ರಿಮ್ಮಿಂದ ಟೈರಿಗೆ. ಎಡಗಡೆ ಬ್ರೇಕ್ ಸ್ವಲ್ಪ ಹಿಡಿದುಕೊಂಡಿದ್ದರೆ ಆ ಡ್ರಮ್ ಘಾಟ್‌ಗೆ ಮುಂಚೆಯೇ ಬಿಸಿ ಇರುತ್ತದೆ. ಹೀಗೆ ಮಾಡು: ಲೋಡ್ ಇಲ್ಲದೆ ಒಂದು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಓಡಿಸು, ಆದಷ್ಟು ಬ್ರೇಕ್ ಹಾಕದೆ. ನಿಲ್ಲಿಸಿದ ತಕ್ಷಣ ಇಳಿದು ಎರಡೂ ಹಿಂದಿನ ಚಕ್ರದ ನಡುಮಧ್ಯ ಕೈ ಹತ್ತಿರ ಹಿಡಿದು ನೋಡು, ಮುಟ್ಟಬೇಡ, ಸುಡುತ್ತದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೈ ಇಡೋಕಾಗದಷ್ಟು ಶಾಖ ಹೊಡೆಯುತ್ತಿದ್ದರೆ ಉತ್ತರ ಸಿಕ್ಕಿತು. ಆಮೇಲೆ ಜಾಕಿ ಹಾಕಿ ಗೇರ್ ನ್ಯೂಟ್ರಲ್ ಮಾಡಿ ಕೈಯಲ್ಲಿ ತಿರುಗಿಸು. ಸಲೀಸಾಗಿ ತಿರುಗಬೇಕು.

ಅಲೈನ್‌ಮೆಂಟ್ ಮುಂದಿನ ಚಕ್ರಕ್ಕೆ. ನಿನ್ನ ಗಾಡಿಗೆ ಹಿಂದೆ ಇರೋದು ಸ್ಪ್ರಿಂಗ್ ಪ್ಲೇಟ್ ಮೇಲೆ ಕೂತ ಗಟ್ಟಿ ಹೌಸಿಂಗ್ (ಆಕ್ಸಲ್), ಅಲ್ಲಿ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ. ಸೆಂಟರ್ ಬೋಲ್ಟ್ ಕಟ್ ಆಗಿ ಹೌಸಿಂಗ್ ಜರುಗಿದ್ದರೆ ಮಾತ್ರ ಗಾಡಿ ಅಡ್ಡಡ್ಡ ಹೋಗುತ್ತದೆ, ಹಿಂದೆ ಬರುವವನಿಗೆ ಕಾಣಿಸುತ್ತದೆ. ಎಡಗಡೆ ಪ್ಲೇಟ್ ಕೂತುಬಿಟ್ಟಿದೆಯಾ ಅಂತಲೂ ನೋಡು. ಗಾಡಿ ಖಾಲಿ ಇರುವಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎರಡೂ ಕಡೆ ಬಾಡಿಯ ಎತ್ತರ ಅಳೆದರೆ ಸಾಕು.

ಶಿರಾ ರೋಡ್ ಟೈರ್ ವರ್ಕ್ಸ್:

ತುಮಕೂರಿಂದ. ಮೇಲೆ ಅಣ್ಣ ಹೇಳಿದ್ದು ಸರಿ, ನಾನು ಟೈರ್ ಬಿಚ್ಚೋನ ಕಡೆಯಿಂದ ಹೇಳುತ್ತೇನೆ. ಹೋದ ಟೈರ್ ಎಸೆದಿಲ್ಲ ಅಲ್ವಾ? ಅದರ ಒಳಗಡೆ ಟಾರ್ಚ್ ಬಿಟ್ಟು ನೋಡಿ. ಪಕ್ಕದ ಗೋಡೆಗೆ ಒಳಗಿಂದ ಸುತ್ತಲೂ ಬಳೆಯಂಗೆ ಒಂದು ಕಪ್ಪು ಗೆರೆ ಎದ್ದಿದೆಯಾ, ಕೈ ಹಾಕಿದರೆ ಪುಡಿ ಪುಡಿ ರಬ್ಬರ್ ಬರುತ್ತದೆಯಾ? ಹಂಗಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದು. ಗೋಡೆ ಚೆನ್ನಾಗಿದ್ದು ರಿಮ್‌ಗೆ ಕೂರುವ ಅಂಚು ಮಾತ್ರ ಗಟ್ಟಿಯಾಗಿ, ಬಿರಿದು, ಬಗ್ಗಿಸಿದರೆ ಮುರಿಯುವಂಗಿದ್ದರೆ ಅದು ಡ್ರಮ್ಮಿನ ಬಿಸಿ. ಪಕ್ಕದಲ್ಲಿ ಕೋಳಿಮೊಟ್ಟೆ ಗಾತ್ರ ಉಬ್ಬಿದ್ದರೆ ಗುಂಡಿಗೋ ಕಲ್ಲಿಗೋ ಹೊಡೆದು ಒಳಗಿನ ದಾರ ಕಟ್ ಆಗಿರುತ್ತದೆ, ಅದು ಬೇರೆ ಕೇಸ್.

ಟ್ಯೂಬ್‌ಲೆಸ್ ಒಳಗೆ ಟ್ಯೂಬ್ ಹಾಕೋದು ನಿಲ್ಲಿಸಿ. ನಾನು ಹಾಕಿಕೊಡಲ್ಲ ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಆ ಟೈರ್ ಒಳಗಡೆ ಟ್ಯೂಬಿಗೆ ಅಂತ ಮಾಡಿದ್ದಲ್ಲ. ಟ್ಯೂಬೂ ಟೈರೂ ಉಜ್ಜಿ ಬಿಸಿಯಾಗುತ್ತದೆ, ಸಣ್ಣ ಮೊಳೆ ಚುಚ್ಚಿದರೂ ಟ್ಯೂಬ್ ಒಂದೇ ಸಲ ಹರಿದು ಗಾಳಿ ಖಾಲಿ. ಟ್ಯೂಬ್‌ಲೆಸ್‌ನ ಲಾಭವೇ ನಿಧಾನಕ್ಕೆ ಗಾಳಿ ಇಳಿಯೋದು, ಅದನ್ನೇ ಕಳೆದುಕೊಂಡಿರಿ.

ಹೊರಗಿಂದ ರಬ್ಬರ್ ಬತ್ತಿ ತುರುಕುವ ಬತ್ತಿ ಪಂಕ್ಚರ್ ದಾರಿಯಲ್ಲಿ ಮನೆ ಸೇರೋಕೆ ಸರಿ. ಊರಿಗೆ ಬಂದ ಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿ. ರೋಡಿಗೆ ತಾಗುವ ಬಟನ್ ಇರುವ ಜಾಗಕ್ಕೆ ಮಾತ್ರ ಇದೆಲ್ಲ, ಪಕ್ಕದ ಗೋಡೆಗೆ ತೂತು ಬಿದ್ದರೆ ಲೋಡ್ ಗಾಡಿಗೆ ಆ ಟೈರ್ ಮುಗಿಯಿತು. ಹಾಕಿಸಿಕೊಡುತ್ತೇವೆ ಅನ್ನೋರು ಸಿಗುತ್ತಾರೆ, ಅವರು ನಿಮ್ಮ ಜೊತೆ ಗಾಡಿಯಲ್ಲಿ ಬರಲ್ಲ.

ತಾರೀಖು ನೋಡಿ ತಗೊಳ್ಳಿ. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರ ಮಾಡಿದ್ದು. ಅಂಗಡಿಯಲ್ಲಿ ಬಿಸಿಲಿಗೆ ಕೂತ ಹಳೇ ಸ್ಟಾಕ್ ಕಮ್ಮಿ ರೇಟಿಗೆ ಕೊಟ್ಟರೆ ಬೇಡ. ಬಟನ್ ಎಷ್ಟು ಸವೆಯಬಹುದು ಅಂದರೆ, ಗೀರುಗಳ ಒಳಗೆ ಅಡ್ಡಕ್ಕೆ ಸಣ್ಣ ದಿಂಡು ಇರುತ್ತದೆ, ಬಟನ್ ಸವೆದು ಅದಕ್ಕೆ ಸಮ ಬಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ಕಾನೂನಿನ ಪ್ರಕಾರ ಅಲ್ಲಿಗೆ ಕೊನೆ. ಮಳೆಗಾಲದಲ್ಲಿ ಅಲ್ಲಿವರೆಗೂ ಕಾಯಬೇಡಿ.

ಬೇತಮಂಗಲ ಟ್ರಾನ್ಸ್‌ಪೋರ್ಟ್:

ಹೊಸ ಟೈರ್ ಎರಡೇ ತಗೊಂಡರೆ ಮುಂದೆ ಹಾಕಬೇಕಾ ಹಿಂದೆ ಹಾಕಬೇಕಾ? ನಮ್ಮ ಕಡೆ ಎಲ್ಲರೂ ಮುಂದಕ್ಕೇ. ಸ್ಟೇರಿಂಗ್ ಚಕ್ರ ಬರ್ಸ್ಟ್ ಆದರೆ ದೇವರೇ ಗತಿ.

ಚಿಂತಾಮಣಿ ಹಳೇ ಗಾಡಿ:

ಇದರಲ್ಲಿ ಜಗಳ ಮುಗಿಯಲ್ಲ. ಟೈರ್ ಕಂಪನಿಯವರು ಸಾಮಾನ್ಯವಾಗಿ ಹಿಂದಕ್ಕೆ ಅಂತಾರೆ, ಒದ್ದೆ ರೋಡಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಸುತ್ತು ಹೊಡೆಯುತ್ತದೆ, ಸಾಮಾನ್ಯ ಡ್ರೈವರ್ ಕೈಗೆ ಸಿಗಲ್ಲ ಅಂತ. ಖಾಲಿ ಪಿಕಪ್ ಮಳೆಯಲ್ಲಿ ಓಡಿಸಿದವರಿಗೆ ಗೊತ್ತು ಅದು. ನನ್ನ ಮಟ್ಟಿಗೆ, ಹಳೇದು ಅನುಮಾನ ಬರುವಷ್ಟು ಹಳೇದಾಗಿದ್ದರೆ ಮುಂದೂ ಬೇಡ ಹಿಂದೂ ಬೇಡ. ಚೆನ್ನಾಗಿರೋದಾದರೆ ಹೊಸದು ಹಿಂದಕ್ಕೆ. ರೀಸೋಲ್ ಟೈರ್, ಅಂದರೆ ಸವೆದ ಟೈರಿಗೆ ಹೊಸ ಬಟನ್ ಅಂಟಿಸಿದ್ದು, ಮಾತ್ರ ಮುಂದೆ ಹಾಕಲೇಬೇಡಿ. ಎಂಟು ಹತ್ತು ಸಾವಿರ ಕಿಲೋಮೀಟರಿಗೆ ಜಾಗ ಬದಲಾಯಿಸುತ್ತಾ ಇದ್ದರೆ ಎರಡೆರಡೇ ತಗೊಳ್ಳೋ ಪ್ರಶ್ನೆಯೇ ಕಮ್ಮಿಯಾಗುತ್ತದೆ.

ಹೂವಿನ ಗಾಡಿ ಚಿಕ್ಕಬಳ್ಳಾಪುರ:

ನಾನೂ ನನ್ನ ಯಜಮಾನರೂ ಸರದಿ ಮೇಲೆ ಓಡಿಸುತ್ತೇವೆ, ಬೆಳಗಿನ ಮಂಜಿನಲ್ಲಿ ಹೈವೇ 44. ಎಲ್ಲರೂ ಯಾಕೆ ಒಡೆಯುತ್ತದೆ ಅಂತಲೇ ಬರೆದಿದ್ದೀರಿ, ಒಡೆದಾಗ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ.

ಬರ್ಸ್ಟ್ ಆದಾಗ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಸ್ಟೇರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ನೇರ ಹಿಡಿಯಿರಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಗಾಡಿ ತಾನೇ ಸ್ಪೀಡ್ ಕಳೆದುಕೊಳ್ಳಲಿ. ನಿಧಾನ ಆದಮೇಲೆ ಇಂಡಿಕೇಟರ್ ಹಾಕಿ ಎಡಕ್ಕೆ. ತಿರುವಿನಲ್ಲಿ ನಿಲ್ಲಬೇಡಿ, ರಿಮ್ ಹಾಳಾದರೂ ಪರವಾಗಿಲ್ಲ, ನೂರು ಅಡಿ ಮುಂದೆ ಹಿಂದಿನವರಿಗೆ ಕಾಣುವ ನೇರ ಜಾಗಕ್ಕೆ ತೆವಳಿಸಿಕೊಂಡು ಹೋಗಿ.

ನಿಂತ ಮೇಲೆ ನಾಲ್ಕೂ ಇಂಡಿಕೇಟರ್. ಮೂರುಮೂಲೆ ರಿಫ್ಲೆಕ್ಟರ್ ಗಾಡಿಯ ಪಕ್ಕದಲ್ಲೇ ಇಡೋರೇ ಜಾಸ್ತಿ, ಅದರಿಂದ ಏನೂ ಪ್ರಯೋಜನ ಇಲ್ಲ. ಕನಿಷ್ಠ 50 ಮೀಟರ್ ಹಿಂದೆ ಇಡಿ, ಹೈವೇಯಲ್ಲಿ ಇನ್ನೂ ದೂರ. ಕಲ್ಲು, ಸೊಪ್ಪಿನ ಕೊಂಬೆ ಇಟ್ಟು ಹೊರಡುವಾಗ ಅಲ್ಲೇ ಬಿಟ್ಟುಹೋಗುವ ಅಭ್ಯಾಸ ನಮ್ಮವರದ್ದು, ಅದಕ್ಕೆ ಬೈಕಿನವರು ಬೀಳುತ್ತಾರೆ. ಟೈರ್ ಬಲಗಡೆಯದ್ದಾಗಿದ್ದು ಜಾಗ ಇಲ್ಲದಿದ್ದರೆ ರೋಡಿನ ಕಡೆ ಕೂತು ಬಿಚ್ಚುವ ಧೈರ್ಯ ಬೇಡವೇ ಬೇಡ. ರಾಷ್ಟ್ರೀಯ ಹೆದ್ದಾರಿಗೆ 1033 ಇದೆ, ಫೋನ್ ಮಾಡಿ, ಪೆಟ್ರೋಲಿಂಗ್ ಗಾಡಿ ಬರುತ್ತದೆ. ಪೆಟ್ಟಾಗಿದ್ದರೆ 112 ಇಲ್ಲ 108.

ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ. ಹ್ಯಾಂಡ್‌ಬ್ರೇಕ್ ಸರಿ ಇಲ್ಲ ಅಂತ ಬರೀ ಗೇರ್‌ನಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಜಾಕಿ ಹಾಕುತ್ತಾರೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ತಕ್ಷಣ ಗೇರ್ ಹಿಡಿತ ಹೋಯಿತು, ಡಿಫರೆನ್ಷಿಯಲ್ ಇರೋದರಿಂದ ಎದ್ದ ಚಕ್ರ ಒಂದು ಕಡೆ ತಿರುಗಿಕೊಂಡು ನೆಲದಲ್ಲಿರೋ ಚಕ್ರ ಉರುಳುತ್ತದೆ, ಗಾಡಿ ಜಾಕಿ ಮೇಲಿಂದ ಜಾರುತ್ತದೆ. ಅದಕ್ಕೆ ಮುಂದಿನ ಚಕ್ರಕ್ಕೆ ಎರಡೂ ಕಡೆ ದಪ್ಪ ಕಲ್ಲು ಅಥವಾ ಮರದ ದಿಮ್ಮಿ ಕೊಟ್ಟೇ ಜಾಕಿ ಮುಟ್ಟಬೇಕು. ನಟ್ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ನಮ್ಮ ಕಡೆ ಕೆಂಪು ಮಣ್ಣು ಮಳೆ ಬಿದ್ದರೆ ಮೆತ್ತಗೆ, ಲೋಡ್ ಗಾಡಿಯ ಜಾಕಿ ಮಣ್ಣೊಳಗೇ ಇಳಿಯುತ್ತದೆ. ಒಂದು ಅಡಿ ಅಗಲದ ಗಟ್ಟಿ ಹಲಗೆ ಸೀಟಿನ ಹಿಂದೆ ಯಾವಾಗಲೂ ಇರಲಿ. ಟೈರ್ ಹಾಕಿದ ಮೇಲೆ ನಟ್ ಎದುರುಬದುರು ಬಿಗಿ ಮಾಡಿ, ಒಂದು 50 ಕಿಲೋಮೀಟರ್ ಹೋದಮೇಲೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ.

ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಇವತ್ತೇ ನೋಡಿ. ಅದನ್ನು ಕೆಳಗೆ ಇಳಿಸುವ ಚೈನು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ರಾತ್ರಿ ಎರಡು ಗಂಟೆಗೆ ಅದು ಗೊತ್ತಾಗಬಾರದು. ಸ್ವಲ್ಪ ಗ್ರೀಸ್ ಸಾಕು.

ಟಮಕ ಕ್ರಾಸ್:

ಓವರ್‌ಲೋಡ್ ಬಗ್ಗೆ ಒಂದು ಮಾತು. 2019ರ ತಿದ್ದುಪಡಿ ಆದಮೇಲೆ ದಂಡ 20,000, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಕೇಂದ್ರದ ಕಾನೂನು, ನಂಗಲಿ ದಾಟಿ ಆಂಧ್ರಕ್ಕೆ ಹೋದರೂ ಅದೇ. ಹತ್ತು ಇಪ್ಪತ್ತು ಬಾಕ್ಸಿನ ಬಾಡಿಗೆಗೆ ಇದು ಯಾವ ಲೆಕ್ಕ? ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರೂ ಮೊದಲು ಕೇಳೋದು ಲೋಡ್ ಚೀಟಿನೇ.

ಬೇತಮಂಗಲ ಟ್ರಾನ್ಸ್‌ಪೋರ್ಟ್:

ಹೇಳೋದು ಸುಲಭ ಸರ್. ಬೆಲೆ ಬಿದ್ದಾಗ ರೈತನಿಗೂ ಬಾಡಿಗೆ ಕೊಡೋಕೆ ಆಗಲ್ಲ, 100 ಬಾಕ್ಸ್ ಹಾಕಿಕೊಂಡು ಡೀಸೆಲ್ಲು ಟೋಲು ಕಳೆದರೆ ಗಾಡಿಯವನಿಗೆ ಏನು ಉಳಿಯುತ್ತದೆ? ಮಂಡಿಯವರೇ ಇಷ್ಟು ಬಾಕ್ಸಿಗೆ ಇಷ್ಟು ಅಂತ ಕಟ್ಟುನಿಟ್ಟು ಮಾಡಿದರೆ ಎಲ್ಲರೂ ಕಮ್ಮಿ ಹಾಕುತ್ತಾರೆ. ಒಬ್ಬನೇ ಕಮ್ಮಿ ಹಾಕಿದರೆ ಅವನ ಗಾಡಿ ಶೆಡ್ಡಲ್ಲಿ ನಿಲ್ಲುತ್ತದೆ.

ಟಮಕ ಕ್ರಾಸ್:

ಅದು ನಿಜ, ಒಪ್ಪಿದೆ. ಆದರೂ ಬಾಕ್ಸಿನ ತೂಕ ಸೇರಿಸಿ ಲೆಕ್ಕ ಹಾಕೋದಾದರೂ ಶುರು ಮಾಡಬಹುದು.

ಮುಳಬಾಗಿಲು ಪಿಕಪ್:

ಎಲ್ಲರಿಗೂ ಥ್ಯಾಂಕ್ಸ್. ಚಿಂತಾಮಣಿ ಅಣ್ಣ ಹೇಳಿದಂಗೆ ಖಾಲಿ ಗಾಡಿ ಕೋಲಾರದವರೆಗೂ ಓಡಿಸಿ ನೋಡಿದೆ. ಬಲಗಡೆ ಬೆಚ್ಚಗೆ. ಎಡಗಡೆ ಹತ್ತಿರ ಕೈ ತಗೊಂಡು ಹೋಗೋಕೆ ಆಗಲಿಲ್ಲ, ನೀರು ಚಿಮುಕಿಸಿದರೆ ಚುಂಯ್ ಅಂತು. ಜಾಕಿ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತದೆ. ಬೇರೆ ಮೆಕ್ಯಾನಿಕ್ ಹತ್ತಿರ ಡ್ರಮ್ ಬಿಚ್ಚಿಸಿದೆ, ಹ್ಯಾಂಡ್‌ಬ್ರೇಕ್ ಕೇಬಲ್ ಎಡಗಡೆಯದು ಒಳಗೆ ತುಕ್ಕು ಹಿಡಿದು ವಾಪಸ್ಸೇ ಬರುತ್ತಿರಲಿಲ್ಲ. ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರ್ ಕಪ್ಪಾಗಿ ಗಾಜಿನಂಗೆ ಹೊಳೆಯುತ್ತಿತ್ತು. ಹಳೇ ಟೈರನ್ನೂ ನೋಡಿದೆ, ಶಿರಾ ರೋಡ್‌ನವರು ಹೇಳಿದ ಎರಡೂ ಇದೆ, ಅಂಚೂ ಬಿರಿದಿದೆ, ಒಳಗೆ ಪುಡಿಯೂ ಇದೆ. ಈಗ ಕೇಬಲ್ ಹೊಸದು ಹಾಕಿಸುತ್ತಿದ್ದೇನೆ. ಲೈನರ್ ಎಡಗಡೆ ಮಾತ್ರ ಸಾಕು ಅಂತಾನೆ ಮೆಕ್ಯಾನಿಕ್, ಸರೀನಾ?

ಚಿಂತಾಮಣಿ ಹಳೇ ಗಾಡಿ:

ಬೇಡ, ಎರಡೂ ಕಡೆ ಹಾಕಿಸು. ಒಂದು ಕಡೆ ಹೊಸದು ಒಂದು ಕಡೆ ಹಳೇದು ಇದ್ದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಡ್ರಮ್ ಒಳಗೆ ಗೀರು ಬಿದ್ದಿದೆಯಾ, ಬಿಸಿಗೆ ಬಿರುಕು ಬಿಟ್ಟಿದೆಯಾ ನೋಡಿಸು. ಲೈನರ್ ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಅಷ್ಟು ಬಿಸಿ ತಿಂದಮೇಲೆ ಉಳಿದಿರಲ್ಲ, ಅದನ್ನೂ ಬದಲಾಯಿಸು. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಇದರ ಜೊತೆಗೇ ಪೂರ್ತಿ ಹೊಸದು ಹಾಕಿಸಿ ಏರ್ ತೆಗೆಸು, ಹಳೇ ಆಯಿಲ್ ನೀರು ಹೀರಿಕೊಂಡಿರುತ್ತದೆ, ಘಾಟ್‌ನಲ್ಲಿ ಕಾದು ಪೆಡಲ್ ಒಳಗೆ ಹೋಗುತ್ತದೆ. ಹೇಗೂ ಗಾಡಿ ಮೇಲೆತ್ತಿದ್ದೀಯ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೂ ಪ್ಲೇಟ್ ಪಿನ್ನಿಗೂ ಗ್ರೀಸ್ ಹೊಡೆಸಿಬಿಡು, ಡೀಸೆಲ್ ಫಿಲ್ಟರ್ ಕೆಳಗಿನ ನೀರು ಬಿಡಿಸು.

ಮೊಗಿಲಿಯಲ್ಲಿ ಇಳಿಯುವಾಗ ಮೂರನೇ ಗೇರೋ ಎರಡನೇ ಗೇರೋ ಹಾಕಿ ಇಂಜಿನ್ ಮೇಲೆ ಇಳಿಸು. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡೋರ ಮಾತು ಕೇಳಬೇಡ. ಘಾಟ್ ಇಳಿದ ಮೇಲೆ ಟೀ ಕುಡಿಯೋಕೆ ನಿಲ್ಲಿಸಿದರೆ ಮತ್ತೆ ಒಂದು ಸಲ ಎರಡೂ ಡ್ರಮ್ ಹತ್ತಿರ ಕೈ ಹಿಡಿದು ನೋಡು, ಆದರೆ ಬಿಸಿ ಡ್ರಮ್ ಮೇಲೆ ನೀರು ಹಾಕಬೇಡ, ಬಿರುಕು ಬಿಡುತ್ತದೆ.

ಮುಳಬಾಗಿಲು ಪಿಕಪ್:

ಆಯ್ತಣ್ಣ, ಎರಡೂ ಕಡೆ ಹಾಕಿಸುತ್ತೇನೆ. ಟ್ಯೂಬ್ ತೆಗೆಸಿಬಿಟ್ಟೆ. ವೇ ಬ್ರಿಡ್ಜ್ ಚೀಟಿ ಮುಂದಿನ ಲೋಡಿಗೆ ಮಾಡಿಸಿ ಇಲ್ಲೇ ಹಾಕುತ್ತೇನೆ.

ಶಿರಾ ರೋಡ್ ಟೈರ್ ವರ್ಕ್ಸ್:

ಟ್ಯೂಬ್ ತೆಗೆಸಿದಾಗ ರಿಮ್ಮಿನ ಅಂಚಿನ ತುಕ್ಕು ಉಜ್ಜಿ ತೆಗೆದರಾ? ಹೊಸ ವಾಲ್ವ್ ಹಾಕಿದರಾ? ಲೋಡ್ ಗಾಡಿಯ ಗಾಳಿ ತಡೆಯುವ ವಾಲ್ವ್ ಬೇರೆ, ಕಾರಿನ ರಬ್ಬರ್ ವಾಲ್ವ್ ಹಾಕಿದ್ದರೆ ಅದು ಹಿಂದಿನ ಟೈರಿನ ಒತ್ತಡಕ್ಕೆ ನಿಲ್ಲಲ್ಲ. ಅದನ್ನೊಂದು ಕೇಳಿ.